ಹಳೆಯ ಡೀಸೆಲ್ ವಾಹನ: ಇಂಜಿನ್ ಆಯಿಲ್ ಆಯ್ಕೆ ಮತ್ತು ಆರೈಕೆ

ಹಳೆಯ ಡೀಸೆಲ್ ಜೀಪು, ಕಾರುಗಳು ಇಂದಿಗೂ ಹಲವು ರೈತರ ಮನೆಗಳಲ್ಲಿವೆ. ತೋಟಕ್ಕೆ ಗೊಬ್ಬರ ಒಯ್ಯಲು, ಮಾರುಕಟ್ಟೆಗೆ ತರಕಾರಿ ಸಾಗಿಸಲು, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಹೋಗಲು ಅವೇ ಆಧಾರ. ಆಯಿಲ್ ತೀರಿದ್ದನ್ನು ಗಮನಿಸದೆ ಓಡಿಸಿದರೆ ಬೇರಿಂಗುಗಳು ಸುಟ್ಟು ಇಂಜಿನ್ ಸೀಜ್ ಆಗುತ್ತದೆ. ಆಗ ತಗಲುವ ರಿಪೇರಿ ವೆಚ್ಚ ಹಲವು ವರ್ಷಗಳ ಆಯಿಲ್ ಖರ್ಚನ್ನೂ ಮೀರುತ್ತದೆ.

ಕಪ್ಪಾದರೆ ಕೆಟ್ಟಿತೆ?

ಹೊಸ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಅದು ಕಪ್ಪಾಗುವುದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಡೀಸೆಲ್ ಉರಿದಾಗ ಉಂಟಾಗುವ ಮಸಿಯ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ಇಳಿದು ಆಯಿಲ್ ಸೇರುತ್ತದೆ. ಆಯಿಲ್‌ನಲ್ಲಿರುವ ಮಾರ್ಜಕ ಪದಾರ್ಥಗಳು ಈ ಮಸಿ ತಳದಲ್ಲಿ ಗಷ್ಟು ಕಟ್ಟದಂತೆ ತೇಲಿಸಿ ಹಿಡಿಯುತ್ತವೆ. ಆದ್ದರಿಂದ ಕಪ್ಪು ಬಣ್ಣ ದೋಷವಲ್ಲ. ಆದರೆ ಈ ಪದಾರ್ಥಗಳು ಕಾಲಕ್ರಮೇಣ ಸವೆಯುತ್ತವೆ. ಹೀಗಾಗಿ ಬಣ್ಣ ನೋಡಿ ಅಲ್ಲ, ಓಡಿದ ದೂರ ಮತ್ತು ಕಳೆದ ತಿಂಗಳುಗಳನ್ನು ಲೆಕ್ಕವಿಟ್ಟು ಆಯಿಲ್ ಬದಲಿಸಬೇಕು.

ಆಯ್ಕೆ ಹೇಗೆ?

ಡಬ್ಬಿಯ ಮೇಲಿನ ಎರಡು ಗುರುತುಗಳನ್ನು ಗಮನಿಸಬೇಕು. ಮೊದಲನೆಯದು ಎಸ್.ಎ.ಇ. ಸಂಖ್ಯೆ, ಇದು ಆಯಿಲ್‌ನ ಮಂದತೆಯನ್ನು ತಿಳಿಸುತ್ತದೆ. ಕರ್ನಾಟಕದ ಹವೆಯಲ್ಲಿ ಇಂಥ ಹೆಚ್ಚಿನ ಇಂಜಿನ್‌ಗಳಿಗೆ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಹೊಂದುತ್ತದೆ. ಎರಡನೆಯದು ಎ.ಪಿ.ಐ. ದರ್ಜೆ. ಇದರಲ್ಲಿ ‘ಎಸ್’ ಪೆಟ್ರೋಲ್ ಇಂಜಿನ್ನಿಗೆ, ‘ಸಿ’ ಡೀಸೆಲ್ ಇಂಜಿನ್ನಿಗೆ. ಕೈಪಿಡಿಯಲ್ಲಿ ಸಿ.ಎಫ್-4 ಎಂದಿದ್ದರೆ ಅದಕ್ಕಿಂತ ಮೇಲಿನ ಸಿ.ಎಚ್-4 ಅಥವಾ ಸಿ.ಐ-4 ಬಳಸಬಹುದು, ಕೆಳಗಿನ ದರ್ಜೆ ಸಲ್ಲದು.

ಇಂಜಿನ್ ಆಯಿಲ್ ತಿನ್ನುತ್ತದೆಂದು ಇನ್ನೂ ಮಂದವಾದ ಆಯಿಲ್ ಸುರಿಯುವ ರೂಢಿಯಿದೆ. ಇದರಿಂದ ಸವೆದ ರಿಂಗು ಸರಿಹೋಗುವುದಿಲ್ಲ. ಬದಲಿಗೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಿನ ಭಾಗಗಳಿಗೆ ತಡವಾಗಿ ತಲುಪಿ ಸವೆತ ಹೆಚ್ಚುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ವಾರಕ್ಕೊಮ್ಮೆ, ಸಮತಟ್ಟಾದ ನೆಲದಲ್ಲಿ, ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು.

2. ಮಟ್ಟ ತಾನಾಗಿಯೇ ಏರಿ ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪಿನಿಂದಲೋ ಇಂಜೆಕ್ಟರಿನಿಂದಲೋ ಡೀಸೆಲ್ ಸೋರುತ್ತಿರಬಹುದು. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದು ತಿಳಿಯಬೇಕು. ಎರಡೂ ಸಂದರ್ಭಗಳಲ್ಲಿ ವಾಹನ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಬೇಕು.

3. ಕೈಪಿಡಿ ಇಲ್ಲದಿದ್ದರೆ 5,000 ಕಿ.ಮೀ. ಅಥವಾ 6 ತಿಂಗಳು, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು. ಇಂಜಿನ್ ಬಿಸಿಯಿರುವಾಗ ಹಳೆಯದನ್ನು ಇಳಿಸಿದರೆ ಮಸಿಯೂ ಜೊತೆಗೆ ಇಳಿಯುತ್ತದೆ. ಪ್ರತಿ ಸಲವೂ ಹೊಸ ಫಿಲ್ಟರ್ ಹಾಕಬೇಕು.

4. ಮಣ್ಣು ರಸ್ತೆಯ ದೂಳು ಸಿಲಿಂಡರನ್ನು ಉಜ್ಜಿ ತಿನ್ನುತ್ತದೆ. ಏರ್ ಫಿಲ್ಟರಿಗೆ ಆಯಿಲ್ ಬಟ್ಟಲಿದ್ದರೆ ಅದರ ಕೆಸರನ್ನು ತೆಗೆದು, ತೊಳೆದು, ಗುರುತಿನವರೆಗೆ ಹೊಸ ಆಯಿಲ್ ತುಂಬಬೇಕು.

5. ಓಡುವಾಗ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದರೆ ತಕ್ಷಣ ಇಂಜಿನ್ ನಿಲ್ಲಿಸಬೇಕು. ‘ಊರು ಹತ್ತಿರವೇ ಇದೆ’ ಎಂದು ಮುಂದುವರಿಯಬಾರದು.

ತೆಗೆದ ಆಯಿಲ್‌ನ ವಿಲೇವಾರಿ

ಬಳಸಿದ ಆಯಿಲನ್ನು ಹೊಲದ ಬದುವಿಗೆ, ಕಾಲುವೆಗೆ ಚೆಲ್ಲಬಾರದು. ಮಣ್ಣೂ ಬಾವಿಯ ನೀರೂ ಕೆಡುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಅದನ್ನು ಸಂಗ್ರಹಿಸಿ ಶುದ್ಧೀಕರಣಕ್ಕೆ ಕಳುಹಿಸುವ ಗ್ಯಾರೇಜಿಗೆ ಕೊಡಬೇಕು. ಕೈಗೆ ತಗಲಿದರೆ ಸೋಪಿನಿಂದ ತೊಳೆಯಬೇಕು.

ಆಯಿಲ್ ಬದಲಿಸಿದ ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್‌ನ ಒಳಗೆ ಅಂಟಿಸಿದರೆ ಯಾರು ಓಡಿಸಿದರೂ ಲೆಕ್ಕ ತಪ್ಪುವುದಿಲ್ಲ.