ಎಲೆಯುದುರಿದ ಕಾಡಿನ ಇಂಗಾಲ ವಿನಿಮಯ

ಎಲೆಯುದುರುವ ಕಾಡುಗಳು ಬೋಳಾಗಿರುವ ತಿಂಗಳುಗಳಲ್ಲಿಯೂ ವಾತಾವರಣದೊಡನೆ ಇಂಗಾಲದ ಡೈಆಕ್ಸೈಡ್‌ನ ಕೊಡುಕೊಳ್ಳುವಿಕೆಯನ್ನು ನಡೆಸುತ್ತವೆ. ಈ ಅವಧಿಯಲ್ಲಿ ದ್ಯುತಿಸಂಶ್ಲೇಷಣೆ ಬಹುಮಟ್ಟಿಗೆ ನಿಲ್ಲುತ್ತದೆ. ಕಾಂಡ, ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳ ಉಸಿರಾಟ ಮುಂದುವರಿಯುತ್ತದೆ. ಆದ್ದರಿಂದ ಕಾಡು ಹೀರುವುದಕ್ಕಿಂತ ಹೆಚ್ಚು ಅನಿಲವನ್ನು ಹೊರಬಿಡುತ್ತದೆ. ಸಮಶೀತೋಷ್ಣ ವಲಯದಲ್ಲಿ ಎಲೆಯುದುರುವುದಕ್ಕೆ ಚಳಿ ಕಾರಣವಾದರೆ, ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ಸುತ್ತಲಿನ ಒಣಸೀಮೆಯಲ್ಲಿ ನೀರಿನ ಅಭಾವವೇ ಕಾರಣ.

ಹಿಮದಡಿಯ ಉಸಿರಾಟ

ಹಿಮ ಬಿದ್ದ ಕಾಡು ಹೊರನೋಟಕ್ಕೆ ನಿರ್ಜೀವವೆನಿಸಿದರೂ ಅದರ ಮಣ್ಣು ಹಾಗಿರುವುದಿಲ್ಲ. ಹಿಮದ ದಪ್ಪ ಹೊದಿಕೆಯು ಶಾಖ ನಿರೋಧಕವಾಗಿ ವರ್ತಿಸಿ, ಮೇಲಿನ ಗಾಳಿ ಬಹಳ ತಣ್ಣಗಿದ್ದಾಗಲೂ ಮಣ್ಣಿನ ತಾಪಮಾನವನ್ನು 0° ಸೆ. ಆಸುಪಾಸಿನಲ್ಲಿ ಉಳಿಸುತ್ತದೆ. ಮಣ್ಣಿನ ಕಣಗಳ ಸುತ್ತ ಹೆಪ್ಪುಗಟ್ಟದೆ ಉಳಿದ ನೀರಿನ ತೆಳುಪದರದಲ್ಲಿ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ತರಗೆಲೆಯನ್ನು ಕೊಳೆಯಿಸುತ್ತಿರುತ್ತವೆ. ಅಮೆರಿಕದ ಕೊಲೊರಾಡೊದಲ್ಲಿರುವ ನೈವಾಟ್ ರಿಜ್‌ನ ಸೂಚಿಪರ್ಣಿ ಕಾಡಿನ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಮ ತೆಳುವಾದ ವರ್ಷಗಳಲ್ಲಿ ಮಣ್ಣು ಇನ್ನಷ್ಟು ತಣ್ಣಗಾಗಿ ಉಸಿರಾಟ ತಗ್ಗುತ್ತದೆ. ಹಿಮ ಕಡಿಮೆಯಾದರೆ ಮಣ್ಣು ಬೆಚ್ಚಗಾದೀತೆಂಬ ಸಹಜ ಊಹೆಗೆ ಇದು ವಿರುದ್ಧವಾದುದು.

ಉತ್ತರಾರ್ಧಗೋಳದ ಚಳಿಗಾಲದ ಈ ಉಸಿರು ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ನಡೆಯುತ್ತಿರುವ ಅಳತೆಗಳಲ್ಲಿಯೂ ಕಾಣುತ್ತದೆ: ಅನಿಲದ ಪ್ರಮಾಣ ಪ್ರತಿವರ್ಷ ಮೇ ತಿಂಗಳ ಸುಮಾರಿಗೆ ಗರಿಷ್ಠಕ್ಕೇರಿ, ಎಲೆ ಚಿಗುರಿದಂತೆ ಇಳಿಯುತ್ತದೆ.

ಒಣಸೀಮೆಯ ಕಾಡು

ಬಾಗಲಕೋಟೆ ಜಿಲ್ಲೆಯಲ್ಲಿ ವಾರ್ಷಿಕ ಮಳೆ ಸರಾಸರಿ 600 ಮಿ.ಮೀ.ಗೂ ಕಡಿಮೆ, ಅದರ ಹೆಚ್ಚಿನ ಪಾಲು ಜೂನ್–ಅಕ್ಟೋಬರ್ ನಡುವೆ ಬೀಳುತ್ತದೆ. ನದಿಯ ಬದಿಯ ಎರೆಭೂಮಿ ಬಹುತೇಕ ಬೇಸಾಯಕ್ಕೆ ಒಳಪಟ್ಟಿದ್ದು, ಕುರುಚಲು ಕಾಡು ಬಾದಾಮಿ, ಗುಳೇದಗುಡ್ಡ ಕಡೆಯ ಮರಳುಗಲ್ಲಿನ ಬೆಟ್ಟಗಳಲ್ಲಿ ಉಳಿದಿದೆ. ಇಲ್ಲಿಯ ಚಳಿ ಮಣ್ಣಿನ ಜೀವಿಗಳನ್ನು ತಡೆಯುವಷ್ಟು ತೀವ್ರವಲ್ಲ. ತಾಪಮಾನ 10° ಸೆ. ಏರಿದರೆ ಮಣ್ಣಿನ ಉಸಿರಾಟ ಸುಮಾರು ಇಮ್ಮಡಿಯಾಗುವುದೆಂಬ ಸಾಮಾನ್ಯ ಸೂತ್ರ ಇಂತಹ ನೆಲದ ಬೇಸಿಗೆಗೆ ಹೊಂದುವುದಿಲ್ಲ. ಎಷ್ಟೇ ಕಾದರೂ ತೇವವಿಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸುಪ್ತವಾಗಿರುತ್ತವೆ.

ಮುಂಗಾರಿಗೆ ಮುಂಚಿನ ಮೊದಲ ಹದಮಳೆ ಈ ಸ್ಥಿತಿಯನ್ನು ಬದಲಿಸುತ್ತದೆ. ಒಣಗಿದ ಮಣ್ಣು ನೆನೆದಾಗ, ಸತ್ತ ಜೀವಕೋಶಗಳಲ್ಲಿಯೂ ಮಣ್ಣಿನ ಹೆಂಟೆಗಳೊಳಗೂ ಸಿಕ್ಕಿಕೊಂಡಿದ್ದ ಇಂಗಾಲ ಒಮ್ಮೆಲೆ ಆಹಾರವಾಗಿ ದೊರೆತು, ಕೆಲವೇ ಗಂಟೆಗಳಲ್ಲಿ ಉಸಿರಾಟ ಹಲವು ಪಟ್ಟು ಏರಿ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು ವಿವರಿಸಿ 1958ರಲ್ಲಿ ಪ್ರಬಂಧ ಪ್ರಕಟಿಸಿದ ಎಚ್. ಎಫ್. ಬರ್ಚ್ ಅವರ ಹೆಸರಿನಿಂದ ಇದು ಬರ್ಚ್ ಪರಿಣಾಮವೆನಿಸಿಕೊಂಡಿದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಊರಿಗೆಲ್ಲ ತಿಳಿಯುತ್ತದೆ. ಜೊತೆಗೇ ಹೊರಬೀಳುವ ಈ ಅನಿಲಕ್ಕೆ ವಾಸನೆಯಿಲ್ಲ.

ಆ ಹೊತ್ತಿಗೆ ಇನ್ನೂ ಎಲೆ ತುಂಬಿರದ ಮರಗಳು ಹೊರಬಿದ್ದುದನ್ನು ಹೀರಲಾರವು. ಹಸಿರನ್ನು ಅಳೆಯುವ ಉಪಗ್ರಹ ಚಿತ್ರಗಳಿಂದ ಮಾತ್ರ ಕಾಡಿನ ಇಂಗಾಲದ ಲೆಕ್ಕ ಹಾಕಿದರೆ ಈ ನಷ್ಟ ಬಿಟ್ಟುಹೋಗುತ್ತದೆ. ಮಳೆಗೆ ಮೊದಲೇ ತರಗೆಲೆಗೆ ಬೆಂಕಿ ಬಿದ್ದಲ್ಲಿ, ಮಣ್ಣು ತಿಂಗಳುಗಟ್ಟಲೆ ಬಿಡಬೇಕಾಗಿದ್ದ ಇಂಗಾಲದ ಬಹುಪಾಲು ಒಂದೇ ದಿನದಲ್ಲಿ ಗಾಳಿ ಸೇರುತ್ತದೆ.