ರಾಗಿಯ ಹೊಲವೂ ಸರಕಾರದ ಅಡಿಗೆಮನೆಯೂ

ತುಮಕೂರು, ಕೋಲಾರ, ಹಾಸನ ಜಿಲ್ಲೆಗಳ ಬೆದ್ದಲು ಸೀಮೆಯಲ್ಲಿ ಸುಗ್ಗಿಯ ದಿನಗಳಲ್ಲಿ ಸಂಚರಿಸಿದವರಿಗೆ ಒಂದು ವಿಚಿತ್ರ ನೋಟ ಕಾಣದೆ ಇರದು. ಊರ ಮುಂದಣ ಕಣದಲ್ಲಿ ರಾಗಿಯ ರಾಶಿ ಬಿದ್ದಿದೆ. ಬೇಲಿಯಾಚೆಯ ಶಾಲೆಯ ಅಡಿಗೆಮನೆಯಲ್ಲಿ ದೂರದ ಉಗ್ರಾಣದಿಂದ ಲಾರಿಯೇರಿ ಬಂದ ಅಕ್ಕಿಯ ಮೂಟೆ ಕುಳಿತಿದೆ. ರಾಶಿಯ ಒಡೆಯನು ಮಾರಾಟಕ್ಕೆಂದು ಪೇಟೆಯ ದಾರಿ ನೋಡುತ್ತಾನೆ, ಅವನ ಮಗನು ಆ ಅಕ್ಕಿಯನ್ನು ಉಣ್ಣುತ್ತಾನೆ. ಈ ಎರಡರ ನಡುವಣ ದೂರ ನೂರು ಮಾರೂ ಇಲ್ಲ. ಆದರೂ ಒಂದು ಇನ್ನೊಂದನ್ನು ಮುಟ್ಟದಂತೆ ನಮ್ಮ ವ್ಯವಸ್ಥೆ ಏರ್ಪಟ್ಟಿದೆ. ಈ ವಿಷಯವನ್ನು ಅಧಿಕಾರಿವರ್ಗದವರ ಮುಂದೆಯೂ ಪೇಟೆಯ ಮಹಾಜನರ ಮುಂದೆಯೂ ಇಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ರಾಗಿಯ ಹೊಲವೆಂದರೆ ರಾಗಿಯೊಂದೇ ಇರತಕ್ಕ ಹೊಲವಲ್ಲ. ಹಿಂದಿನಿಂದ ನಡೆದು ಬಂದ ಪದ್ಧತಿಯಲ್ಲಿ ಆರೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಅಂಚಿನಲ್ಲಿ ಹರಳು. ಇದನ್ನು ಬಡವನ ಗೊಂದಲವೆಂದು ತಿಳಿದವರು ಉಂಟು. ಆದರೆ ಒಂದೊಂದು ಬೆಳೆಯ ಕೆಲಸವನ್ನೂ ನೋಡಿದರೆ ಇದರಲ್ಲಿರುವ ವಿವೇಕವು ತಾನಾಗಿ ಗೋಚರವಾಗುವುದು. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ಬೇರು ಆಳಕ್ಕಿಳಿದು ತಳದ ತೇವವನ್ನು ಹುಡುಕುತ್ತದೆ. ಅವರೆ ತೊಗರಿಗಳ ಬೇರಿನ ಗಂಟುಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಹುಚ್ಚೆಳ್ಳಿನ ಹೂವು ಜೇನನ್ನು ಕರೆಯುತ್ತದೆ. ರಾಗಿಯನ್ನು ಕೊಯ್ದ ಮೇಲೆ ಅವರೆಯು ಇಬ್ಬನಿಯಲ್ಲಿ ಹಬ್ಬಿ ಕಾಯಿ ಕೊಡುತ್ತದೆ. ಮುಂಗಾರು ಕೈಕೊಟ್ಟರೆ ಒಂದು, ಹಿಂಗಾರು ಕೈಕೊಟ್ಟರೆ ಇನ್ನೊಂದು. ಎಲ್ಲವೂ ಒಟ್ಟಿಗೆ ಹಾಳಾಗುವುದು ಅಪರೂಪ. ರಾಗಿಯ ಹುಲ್ಲು ದನಕ್ಕೆ, ದನದ ಗೊಬ್ಬರ ಮರಳಿ ಅದೇ ಹೊಲಕ್ಕೆ. ಪಂಡಿತರು ಇದನ್ನು ಈಗ ಸುಸ್ಥಿರ ಕೃಷಿಯೆಂದು ಕರೆಯುತ್ತಿದ್ದಾರೆ. ಹೆಸರಿನ ಬಗೆಗೆ ನಮ್ಮ ತಕರಾರಿಲ್ಲ.

ರಾಗಿಗೆ ಇನ್ನೊಂದು ಗುಣವಿದೆ. ಅದಕ್ಕೆ ಹುಳು ಸುಲಭವಾಗಿ ಹತ್ತುವುದಿಲ್ಲ. ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಉಳಿಯುವುದು. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಸೆರೆಯಲ್ಲಿಟ್ಟ ಅಕ್ಕಿಯನ್ನು ಸೋಲಿಸಿ ರಾಗಿಯನ್ನು ಗೆಲ್ಲಿಸಿದ್ದು ಈ ಗುಣದ ಬಲದಿಂದಲೇ. ಒಂದು ವರ್ಷದ ಮಳೆ ತಪ್ಪಿದರೆ ಹಗೇವು ಊರನ್ನು ಕಾಯುತ್ತಿತ್ತು. ಮೇಲಿಂದ ಮೇಲೆ ಮಳೆ ತಪ್ಪಿ ಹಗೇವುಗಳೂ ಬರಿದಾದಾಗ ಏನಾಗುವುದೆಂಬುದನ್ನು 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಕಂಡಿತು. 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಪ್ರಜೆಗಳು 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿದ್ದರು. ಧಾನ್ಯವು ಊರಿನೊಳಗೆ ಇರುವುದಕ್ಕೂ ಊರಿನ ಹೊರಗೆ ಇರುವುದಕ್ಕೂ ಇರತಕ್ಕ ಅಂತರವನ್ನು ಆ ಪೀಳಿಗೆಯವರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

ರಾಗಿಯಲ್ಲಿ ಇಳುವರಿಯಿಲ್ಲವೆಂಬ ಮಾತು ಹಳೆಯದಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ ಮೇಲೆ ಆ ಆಕ್ಷೇಪಣೆಗೆ ಬಲವಿಲ್ಲ. ಇನ್ನು ಪೌಷ್ಟಿಕತೆಯ ವಿಷಯ: ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವುಂಟು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಬೆಳೆಯುವ ಮಕ್ಕಳ ಮೂಳೆಗೆ ಯಾವುದು ಬೇಕೆಂದು ವೈದ್ಯರನ್ನು ಕೇಳುವ ಅವಶ್ಯಕತೆಯೂ ಇಲ್ಲ.

ಹೀಗಿದ್ದರೂ ಹಳ್ಳಿಯವರು ಅಕ್ಕಿಗೆ ಒಲಿದರೆಂದು ಅವರನ್ನು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಮುಂಜಾನೆ ಕತ್ತಲಲ್ಲೆದ್ದು ಬೀಸಿದ, ಕುಟ್ಟಿದ, ಕೋಲು ಹಿಡಿದು ಮುದ್ದೆ ತಿರುವಿದ ತಾಯಂದಿರಿಗೆ ಅನ್ನವೆಂಬುದು ಮೈಗೊಂದು ಬಿಡುವು. ಹಬ್ಬಕ್ಕೆ ಮಾತ್ರ ಅನ್ನ ಕಂಡ ಮನೆಯಲ್ಲಿ ದಿನವೂ ಅನ್ನವಾದರೆ ಅದೊಂದು ಮರ್ಯಾದೆ. 2013ರಲ್ಲಿ ಮೊದಲಾದ ಅನ್ನಭಾಗ್ಯವು ಹಸಿವನ್ನು ತಗ್ಗಿಸಿತೆಂಬುದನ್ನು ಯಾವ ಸ್ವದೇಶೀವಾದಿಯೂ ಅಲ್ಲಗಳೆಯಲಾಗದು. ಗದ್ದೆಯ ಅಕ್ಕಿಯನ್ನುಂಡು ಬೆದ್ದಲಿನವನಿಗೆ ಮುದ್ದೆಯ ಮಹಿಮೆಯನ್ನು ಉಪದೇಶಿಸುವ ನಗರವಾಸಿಯ ಮಾತು ಹಳ್ಳಿಯಲ್ಲಿ ನಗೆಗೀಡಾಗುವುದು, ಆಗಬೇಕಾದದ್ದೇ.

ಸರಕಾರದವರು ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2013ರ ಆಹಾರ ಭದ್ರತಾ ಕಾಯಿದೆಯು ಒರಟು ಧಾನ್ಯಗಳನ್ನೂ ಪಡಿತರಕ್ಕೆ ಸೇರಿಸಿತು. ನಮ್ಮ ತೆಂಕಣ ಜಿಲ್ಲೆಗಳಲ್ಲಿ ರಾಗಿಯನ್ನೂ ಬಡಗಣ ಜಿಲ್ಲೆಗಳಲ್ಲಿ ಜೋಳವನ್ನೂ ಹಂಚಿದ್ದುಂಟು. 2023ನ್ನು ಲೋಕವೆಲ್ಲ ಸಿರಿಧಾನ್ಯದ ವರ್ಷವೆಂದು ಆಚರಿಸಿತು. 2024ರಲ್ಲಿ ಶಾಲೆಯ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿನೊಡನೆ ರಾಗಿಯ ಮಾಲ್ಟ್ ಕೊಡುವ ಏರ್ಪಾಡಾಯಿತು. 2025-26ರ ಮುಂಗಾರಿಗೆ ಕೇಂದ್ರ ಸರಕಾರವು ಗೊತ್ತುಮಾಡಿದ ಬೆಂಬಲ ಬೆಲೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಕಾಗದದ ಮೇಲೆ ರಾಗಿಯೇ ದೊರೆ.

ತೊಡಕು ಇರುವುದು ಬೇರೆಡೆ. ಸರಕಾರವು ಕೊಳ್ಳುವುದು ರಾಗಿಯನ್ನು. ಹೊಲವು ಕೊಡುವುದು ರಾಗಿಯನ್ನೂ ಅವರೆಯನ್ನೂ ಹುಚ್ಚೆಳ್ಳನ್ನೂ. ಒಂದಕ್ಕೆ ಬೆಲೆ ಕಟ್ಟಿ ಉಳಿದವನ್ನು ಕೈಬಿಟ್ಟರೆ ರೈತನು ಅಕ್ಕಡಿ ಸಾಲನ್ನು ಕಿತ್ತು ಅಲ್ಲಿಯೂ ರಾಗಿಯನ್ನೇ ಬಿತ್ತುತ್ತಾನೆ, ಸಾರವನ್ನು ಅಂಗಡಿಯ ಗೊಬ್ಬರದ ಚೀಲದಿಂದ ತರುತ್ತಾನೆ. ಹೀಗೆ ರಾಗಿಯನ್ನು ಪೋಷಿಸುವ ಧೋರಣೆಯೇ ರಾಗಿಯ ಹೊಲವನ್ನು ಕೆಡಿಸಬಹುದು. ಇದಕ್ಕೆ ಕಾಲದ ತೊಡಕು ಬೇರೆ. ಸುಗ್ಗಿ ಮುಗಿದು ವಾರಗಳು ಕಳೆದ ಮೇಲೆ ಖರೀದಿ ಕೇಂದ್ರ ತೆರೆದರೆ, ಸಾಲದ ಬಡ್ಡಿ ಓಡುತ್ತಿರುವ ಸಣ್ಣ ಹಿಡುವಳಿದಾರನು ಕಣದಲ್ಲಿಯೇ ದಲ್ಲಾಳಿಗೆ ಅಳೆದುಬಿಡುತ್ತಾನೆ. ಬೆಂಬಲ ಬೆಲೆ ಕಾದು ಕುಳಿತುಕೊಳ್ಳಬಲ್ಲವನ ಪಾಲಿಗೆ.

ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳ ಗತಿ ಇನ್ನೂ ಕಷ್ಟ. ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಇವಿಲ್ಲ. ರಾಗಿಯನ್ನು ನೇರವಾಗಿ ಗಿರಣಿಗೆ ಹಾಕಬಹುದು. ಇವಕ್ಕೆ ಮೇಲೆ ಗಟ್ಟಿ ಸಿಪ್ಪೆ. ಅದನ್ನು ಒನಕೆಯಿಂದ ಬಿಡಿಸುವ ತೋಳು ಇಂದಿಲ್ಲ, ಇರಬೇಕೆಂದು ಬಯಸುವುದೂ ಸಲ್ಲದು. ಯಂತ್ರವೇನೋ ಉಂಟು, ಆದರೆ ಕಾಳಿನ ಗಾತ್ರ ಒಂದೊಂದಕ್ಕೂ ಬೇರೆಯಾದ್ದರಿಂದ ಒಂದಕ್ಕೆ ಹೊಂದಿಸಿದ ಯಂತ್ರವು ಇನ್ನೊಂದನ್ನು ನುಚ್ಚು ಮಾಡುತ್ತದೆ. ಹೋಬಳಿಗೊಂದು ಯೋಗ್ಯವಾದ ಯಂತ್ರವಿಲ್ಲದೆ ರೈತನು ಸಿಪ್ಪೆಯೊಡನೆ ಕಾಳನ್ನು ಅಗ್ಗವಾಗಿ ಮಾರುತ್ತಾನೆ. ಅದೇ ಕಾಳು ಬಣ್ಣದ ಪೊಟ್ಟಣದಲ್ಲಿ ಬೆಂಗಳೂರಿನ ಅಂಗಡಿಗೆ ಬಂದಾಗ ಅದರ ಬೆಲೆಯನ್ನು ಕೇಳಿ ಅವನೇ ಬೆರಗಾಗಬೇಕು.

1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಹುಟ್ಟಿದಾಗ ಮಹಾತ್ಮರೂ ಜೆ.ಸಿ. ಕುಮಾರಪ್ಪನವರೂ ಕೈಕುಟ್ಟಿನ ಅಕ್ಕಿಯನ್ನೂ ಊರಿನ ಬೆಲ್ಲವನ್ನೂ ಎತ್ತಿ ಹಿಡಿದರು. ಅದು ಬರಿಯ ಪಥ್ಯದ ಮಾತಾಗಿರಲಿಲ್ಲ. ಊರಿನಲ್ಲಿ ಬೆಳೆದದ್ದು ಊರಿನಲ್ಲಿಯೇ ಹದವಾದರೆ ಕೂಲಿಯೂ ಲಾಭವೂ ಸಾರವೂ ಅಲ್ಲಿಯೇ ನಿಲ್ಲುವುವೆಂಬ ಲೆಕ್ಕ ಅದರಲ್ಲಿತ್ತು. ಆ ಲೆಕ್ಕವನ್ನು ನಡೆಸಿ ತೋರಿಸುವ ಸಾಧನ ಈಗ ಸರಕಾರದ ಕೈಯಲ್ಲಿಯೇ ಇದೆ. ಶಾಲೆ, ಅಂಗನವಾಡಿ, ವಿದ್ಯಾರ್ಥಿನಿಲಯ, ಆಸ್ಪತ್ರೆ: ಪ್ರತಿ ಹೋಬಳಿಯಲ್ಲಿಯೂ ಸರಕಾರದ ಖರ್ಚಿನಲ್ಲಿ ದಿನವೂ ಒಲೆ ಉರಿಯುತ್ತಿದೆ. ಈ ಒಲೆಗಳಿಗೆ ವರ್ಷಕ್ಕೆ ಬೇಕಾದ ರಾಗಿ, ಅವರೆ, ತೊಗರಿ, ಹುಚ್ಚೆಳ್ಳಿನೆಣ್ಣೆಗಳ ಲೆಕ್ಕವನ್ನು ಬಿತ್ತನೆಗೆ ಮುಂಚೆಯೇ ಪ್ರಕಟಿಸಿ, ಸುಗ್ಗಿಯ ವಾರದಲ್ಲಿಯೇ ಆ ಹೋಬಳಿಯ ರೈತರಿಂದ ಕೊಂಡರೆ, ಅಕ್ಕಡಿ ಸಾಲಿಗೆ ಬೇರೆ ಪ್ರಚಾರವೇ ಬೇಡ.

ಇದಕ್ಕೆ ಟೆಂಡರಿನ ನಿಯಮಗಳು ಅಡ್ಡ ಬರುವುವೆಂದು ಅಧಿಕಾರಿ ಮಹಾಶಯರು ಹೇಳಬಹುದು. ಸಾವಿರ ಚೀಲವನ್ನು ಒಮ್ಮೆಗೇ ಒಪ್ಪಿಸಬಲ್ಲವನಿಗೆ ಮಾತ್ರ ಗುತ್ತಿಗೆಯೆಂದು ಬರೆದ ಕೈಗೆ, ಹತ್ತು ಚೀಲ ತರುವ ಸ್ತ್ರೀಯರ ಸಂಘಕ್ಕೂ ಅವಕಾಶವೆಂದು ಬರೆಯುವುದು ಅಸಾಧ್ಯವೇನಲ್ಲ. ಮೊದಲಿಗೆ ಒಂದು ಜಿಲ್ಲೆ ಬೇಡ, ಒಂದು ತಾಲ್ಲೂಕೂ ಬೇಡ. ಬೆದ್ದಲು ಸೀಮೆಯ ಒಂದೇ ಹೋಬಳಿಯನ್ನು ಆರಿಸಿಕೊಂಡು ಎರಡು ಸುಗ್ಗಿಗಳವರೆಗೆ ಇದನ್ನು ನಡೆಸಲಿ. ಎಷ್ಟು ಕೊಂಡರು, ಯಾವ ದಿನ ಹಣ ಕೊಟ್ಟರು, ಎಷ್ಟು ಎಕರೆಯಲ್ಲಿ ಅಕ್ಕಡಿ ಮರಳಿತು ಎಂಬ ಲೆಕ್ಕವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಲಿ.