ಟೈಪ್‌ರೈಟರ್ ಕೆಟ್ಟಿಲ್ಲ, ಅಂಟಿಕೊಂಡಿದೆ

ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಐವತ್ತು ದಾಟಿದವರನ್ನು ಕೇಳಿ ನೋಡಿ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋದ ನೆನಪು ಅವರಿಗೋ ಅವರ ಅಕ್ಕನಿಗೋ ಇರುತ್ತದೆ. ಜೂನಿಯರ್ ಪಾಸಾದರೆ ತಾಲ್ಲೂಕು ಕಚೇರಿಯಲ್ಲೋ ಕೋರ್ಟಿನಲ್ಲೋ ಸೊಸೈಟಿಯಲ್ಲೋ ಬೆರಳಚ್ಚುಗಾರರ ಕೆಲಸ ಸಿಕ್ಕೀತು ಎಂಬ ಆಸೆ ಅದು. 1997ರಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಗುವ ಹೊತ್ತಿಗೆ ಕಂಪ್ಯೂಟರಿನ ಕಾಲ ಶುರುವಾಗಿತ್ತು. ಗೋದ್ರೆಜ್, ರೆಮಿಂಗ್ಟನ್, ಫೇಸಿಟ್ ಮಿಷನ್‌ಗಳು ಮೊದಲು ಮೂಲೆಗೆ, ಆಮೇಲೆ ಅಟ್ಟಕ್ಕೆ, ಕೊನೆಗೆ ಗುಜರಿಗೆ ಹೋದವು. ತೂಕಕ್ಕೆ ಹೋಗುವ ಇಂಥ ಯಂತ್ರವೊಂದನ್ನು ಮನೆಗೆ ತಂದು ಮತ್ತೆ ಅಕ್ಷರ ಹೊಡೆಯುವಂತೆ ಮಾಡುವ ಹವ್ಯಾಸದಷ್ಟು ಚೆನ್ನಾಗಿ ಯಂತ್ರವಿಜ್ಞಾನ ಕಲಿಸುವುದು ಬೇರೊಂದಿಲ್ಲ ಎಂದು ನನ್ನ ನಂಬಿಕೆ. ಮೊಬೈಲು ಬಿಚ್ಚಿದರೆ ಏನೂ ಕಾಣುವುದಿಲ್ಲ. ಇಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ.

ಕೀಲಿ ಒತ್ತಿದರೆ ಕೆಳಗಿನ ಸರಳು ತಗ್ಗುತ್ತದೆ, ಅದಕ್ಕೆ ಕೊಂಡಿ ಹಾಕಿದ ಅಚ್ಚಿನ ಕಡ್ಡಿ ಮೇಲೇಳುತ್ತದೆ, ತುದಿಯ ಅಚ್ಚು ರಿಬ್ಬನ್ನಿಗೆ ಬಡಿದು ಕಾಗದದ ಮೇಲೆ ಅಕ್ಷರ ಮೂಡುತ್ತದೆ. ಇಷ್ಟೇ ಆಗಿದ್ದರೆ ಎಲ್ಲ ಅಕ್ಷರಗಳೂ ಒಂದರ ಮೇಲೊಂದು ಬೀಳುತ್ತಿದ್ದವು. ಕಾಗದ ಹೊತ್ತ ಕ್ಯಾರೇಜು ಪ್ರತಿ ಏಟಿಗೂ ಒಂದೇ ಅಕ್ಷರದಷ್ಟು ಸರಿಯಬೇಕು. ಆ ಕೆಲಸಕ್ಕೆ ಹಿಂಭಾಗದಲ್ಲಿ ಒಂದು ಹಲ್ಲುಚಕ್ರ ಇದೆ, ಅದನ್ನು ತಡೆದು ನಿಲ್ಲಿಸಲು ಎರಡು ಪುಟ್ಟ ಉಕ್ಕಿನ ನಾಲಗೆಗಳಿವೆ. ಕೀಲಿ ಒತ್ತಿದಾಗ ಒಂದು ನಾಲಗೆ ಹಲ್ಲನ್ನು ಬಿಟ್ಟು ಇನ್ನೊಂದು ಹಿಡಿಯುತ್ತದೆ. ಬೆರಳು ಎತ್ತಿದೊಡನೆ ಎರಡನೆಯದು ಬಿಟ್ಟು ಮೊದಲಿನದು ಮುಂದಿನ ಹಲ್ಲನ್ನು ಹಿಡಿಯುತ್ತದೆ. ಲೋಲಕದ ಗಡಿಯಾರದಲ್ಲಿ ಟಿಕ್ ಟಿಕ್ ಎನ್ನುವುದೂ ಇದೇ ಉಪಾಯ. ಇಂಚಿಗೆ ಹತ್ತು ಅಕ್ಷರ ಹೊಡೆಯುವ ಯಂತ್ರದಲ್ಲಿ ಪ್ರತಿ ಹೆಜ್ಜೆ 2.54 ಮಿಲಿಮೀಟರ್.

ಕ್ಯಾರೇಜನ್ನು ಎಳೆಯುವ ಶಕ್ತಿ ಎಲ್ಲಿಂದ? ಡಬ್ಬಿಯೊಂದರಲ್ಲಿ ಸುತ್ತಿಟ್ಟ ಸ್ಪ್ರಿಂಗಿನಿಂದ. ಸಾಲು ಮುಗಿದಾಗ ಟೈಪಿಸ್ಟು ಕ್ಯಾರೇಜನ್ನು ಬಲಕ್ಕೆ ತಳ್ಳುತ್ತಾರಲ್ಲ, ಆಗ ಅವರಿಗೆ ತಿಳಿಯದಂತೆಯೇ ಸ್ಪ್ರಿಂಗಿಗೆ ಕೀ ಕೊಟ್ಟಂತಾಗುತ್ತದೆ. ಸ್ಪ್ರಿಂಗನ್ನೂ ಕ್ಯಾರೇಜನ್ನೂ ಸೇರಿಸುವ ಪಟ್ಟಿ ಕಡಿದರೆ ಯಂತ್ರ ಸತ್ತಂತೆ ಕಾಣುತ್ತದೆ. ಗಟ್ಟಿ ಮೀನುಗಾಳದ ದಾರ ಕಟ್ಟಿದರೆ ಮತ್ತೆ ಓಡುತ್ತದೆ. ಆದರೆ ಸ್ಪ್ರಿಂಗಿನ ಡಬ್ಬಿಯನ್ನು ಮಾತ್ರ ಕೈಬಿಡಬೇಡಿ. ರಭಸದಿಂದ ಬಿಚ್ಚಿಕೊಂಡರೆ ಬೆರಳಿಗೂ ಪೆಟ್ಟು, ಸ್ಪ್ರಿಂಗಿಗೂ ಪೆಟ್ಟು.

ಅಟ್ಟದಿಂದ ಇಳಿಸಿದ ಯಂತ್ರಗಳಲ್ಲಿ ಕಾಣುವ ದೊಡ್ಡ ತೊಂದರೆ ಮುರಿತವಲ್ಲ, ಅಂಟು. ಅಚ್ಚಿನ ಕಡ್ಡಿಗಳೆಲ್ಲ ಅರ್ಧಚಂದ್ರಾಕಾರದ ಒಂದು ಉಕ್ಕಿನ ತುಂಡಿನ ಕಿರಿದಾದ ಸೀಳುಗಳಲ್ಲಿ ಆಡುತ್ತವೆ. ಅಲ್ಲಿ ಎಣ್ಣೆ ಬಿಟ್ಟರೆ ಧೂಳು ಕೂಡಿಕೊಂಡು, ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಎಣ್ಣೆ ಮಂದವಾಗಿ, ಕೊನೆಗೆ ಗೋಂದಾಗುತ್ತದೆ. ಮನೆಯಲ್ಲಿ ಸುಲಭಕ್ಕೆ ಸಿಗುವ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡ್ಡೆಕಟ್ಟುತ್ತದೆ. ಬಂಡೀಪುರದ ಕಡೆಯಿಂದ ಚಳಿ ಬೀಸುವ ಗುಂಡ್ಲುಪೇಟೆಯ ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುವ ಎಣ್ಣೆ, ಯಂತ್ರದ ಸೀಳಿನಲ್ಲೂ ಹಾಗೆಯೇ ಹೆಪ್ಪುಗಟ್ಟುತ್ತದೆ. ಮಧ್ಯಾಹ್ನ ಸರಿಯಾಗಿ ಹೊಡೆಯುವ ಕೀಲಿ ಮುಂಜಾನೆ ಬಿಗಿಯಾಗುವುದಕ್ಕೆ ಇದೂ ಒಂದು ಕಾರಣ.

ಮದ್ದು ಸರಳ. ಬಾಗಿಲು ಕಿಟಕಿ ತೆರೆದಿಟ್ಟು, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು, ಪೇಂಟ್ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ಸೀಳುಗಳಿಗೆ ಹಚ್ಚಿ, ಪ್ರತಿ ಕೀಲಿಯನ್ನೂ ಮತ್ತೆ ಮತ್ತೆ ಆಡಿಸಬೇಕು. ಕೊಳೆ ಕರಗಿ ಇಳಿಯುತ್ತದೆ, ಒರೆಸಿ ಮತ್ತೆ ಹಚ್ಚಬೇಕು. ಹೊರಮೈಯ ಬಣ್ಣಕ್ಕೆ ಅದು ತಾಗಬಾರದು. ಒಣಗಿದ ಮೇಲೆ ಸೀಳುಗಳಿಗೆ ಎಣ್ಣೆ ಹಾಕದೆ ಹಾಗೆಯೇ ಬಿಡಿ. ಕ್ಯಾರೇಜ್ ಓಡುವ ಹಳಿಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ, ಅದೂ ತೊಟ್ಟು ಮಾತ್ರ.

ಮುಂಗಾರು, ಹಿಂಗಾರು ಎರಡೂ ಬರುವ ಊರುಗಳಿವು, ತುಕ್ಕು ತಪ್ಪಿದ್ದಲ್ಲ. ಧೂಳು ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಕೊಳೆ ಕೂತಲ್ಲೇ ಕಬ್ಬಿಣ ಮೊದಲು ತುಕ್ಕು ಹಿಡಿಯುತ್ತದೆ. ಟೈಪಿಂಗ್ ಕ್ಲಾಸಿನ ಯಂತ್ರಗಳ ಹೊಟ್ಟೆಯಲ್ಲಿ ಸಿಗುವ ಬೂದು ಪುಡಿ ಬಹುಪಾಲು ರಬ್ಬರಿನ ಪುಡಿ. ತಪ್ಪು ಅಳಿಸುವಾಗ ಕ್ಯಾರೇಜನ್ನು ಪಕ್ಕಕ್ಕೆ ಸರಿಸಿ ಎಂದು ಮೇಷ್ಟ್ರು ಗದರುತ್ತಿದ್ದುದು ಇದಕ್ಕೇ. ಬಿಚ್ಚಿ ತೆಗೆದ ತುಕ್ಕು ಹಿಡಿದ ಸ್ಕ್ರೂಗಳನ್ನು ಹುಣಸೆ ನೀರಿನಲ್ಲಿ ನೆನೆಸಬಹುದು. ಅದರ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ನಿಕ್ಕಲ್ ಲೇಪದ ಭಾಗಗಳಿಗೆ ಹುಣಸೆ ಸಲ್ಲದು.

ರೋಲರಿನ ರಬ್ಬರು ವರ್ಷಗಟ್ಟಲೆ ಗಾಳಿ, ಶಾಖ ತಿಂದು ಕಲ್ಲಾಗಿರುತ್ತದೆ. ಆಗ ಕಾಗದ ಜಾರುತ್ತದೆ, ಸದ್ದು ಕರ್ಕಶವಾಗುತ್ತದೆ. ಮುದ್ರಣಯಂತ್ರಗಳ ರೋಲರಿಗೆ ರಬ್ಬರು ಹೊದಿಸುವವರು ಇದನ್ನೂ ಹೊದಿಸಬಲ್ಲರು. ಅಲ್ಲಿಯತನಕ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಟ್ಟರೆ ಸಾಕು.

ಸಂಗ್ರಹಕಾರರು ಸಾಮಾನ್ಯವಾಗಿ ಹಳೆಯದನ್ನೇ ಹುಡುಕುತ್ತಾರೆ. 1868ರಲ್ಲಿ ಶೋಲ್ಸ್ ಮತ್ತು ಸಂಗಡಿಗರು ಪೇಟೆಂಟ್ ಪಡೆದು, 1874ರಲ್ಲಿ ರೆಮಿಂಗ್ಟನ್ ಮಾರಾಟಕ್ಕಿಟ್ಟ ಯಂತ್ರದಲ್ಲಿ ಅಚ್ಚು ರೋಲರಿನ ಅಡಿಯಿಂದ ಬಡಿಯುತ್ತಿತ್ತು, ಬರೆದದ್ದು ಬರೆಯುವವರಿಗೇ ತಕ್ಷಣ ಕಾಣುತ್ತಿರಲಿಲ್ಲ. ಅಂಥದ್ದು ಸಿಕ್ಕರೆ ಅದೃಷ್ಟ. ನಮ್ಮ ಕಡೆ ಸಿಗುವವು ಹೆಚ್ಚಾಗಿ 1955ರಿಂದ ಗೋದ್ರೆಜ್ ತಯಾರಿಸಿದಂಥ ದೇಶೀ ಯಂತ್ರಗಳು. ಆ ಕಂಪನಿ 2009ರಲ್ಲಿ ತಯಾರಿಕೆ ನಿಲ್ಲಿಸಿತು.

ಆದರೆ ನನ್ನ ಕಣ್ಣಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕನ್ನಡ ಯಂತ್ರ. ಇಂಗ್ಲಿಷಿಗೆ 26 ಅಕ್ಷರ, ಶಿಫ್ಟ್ ಒತ್ತಿದರೆ ದೊಡ್ಡಕ್ಷರ, ಅಲ್ಲಿಗೆ ಮುಗಿಯಿತು. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಇಷ್ಟನ್ನು ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಹಿಡಿಸಬೇಕು. ಕೆ. ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆ ರೂಪಿಸಿದಾಗ ಎದುರಿಗಿದ್ದ ಸವಾಲು ಇದು. ಅಕ್ಷರವನ್ನು ತುಂಡುಗಳಾಗಿ ಒಡೆದು, ಹೊಡೆಯುವಾಗ ಕಾಗದದ ಮೇಲೆ ಕೂಡಿಸುವುದೇ ದಾರಿ. ಅದಕ್ಕಾಗಿ ಕೆಲವು ಕೀಲಿಗಳು ಹಲ್ಲುಚಕ್ರವನ್ನು ಬಿಡಿಸುವುದೇ ಇಲ್ಲ. ಅಚ್ಚು ಬೀಳುತ್ತದೆ, ಕ್ಯಾರೇಜು ನಿಂತಲ್ಲೇ ನಿಲ್ಲುತ್ತದೆ, ಮುಂದಿನ ಏಟು ಅದೇ ಜಾಗದಲ್ಲಿ ಬಿದ್ದು ಅಕ್ಷರ ಪೂರ್ತಿಯಾಗುತ್ತದೆ. ಇಂದು ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ನಾವು ಉಚ್ಚಾರದಂತೆ ಒತ್ತುತ್ತ ಹೋದರೆ ಆಕಾರ ಜೋಡಿಸುವ ಕೆಲಸವನ್ನು ತಂತ್ರಾಂಶ ಮಾಡುತ್ತದೆ. ಅಂದು ಆ ಲೆಕ್ಕವೆಲ್ಲ ಟೈಪಿಸ್ಟಿನ ಬೆರಳಿನಲ್ಲಿತ್ತು.

1963ರ ರಾಜಭಾಷಾ ಕಾಯಿದೆಯ ನಂತರ ಆಡಳಿತ ಕನ್ನಡಕ್ಕೆ ಹೊರಳುತ್ತ ಹೋದಂತೆ ಆ ಭಾರ ಹೊತ್ತದ್ದು ಈ ಯಂತ್ರಗಳೇ. ದುರಸ್ತಿಯಲ್ಲಿ ಇವು ಹೆಚ್ಚು ನಾಜೂಕು ಬೇಡುತ್ತವೆ. ಒಂದು ಕಡ್ಡಿ ಕೂದಲೆಳೆಯಷ್ಟು ಬಾಗಿದರೂ ಒತ್ತು ಅಕ್ಷರದ ಮೈಮೇಲೆ ಹತ್ತುತ್ತದೆ. ಕಡ್ಡಿ ತುದಿಯ ಅಚ್ಚುಗಳನ್ನು ಬೆಸುಗೆಯಿಂದ ಕೂರಿಸಿರುತ್ತಾರೆ, ಬಿಸಿ ತಾಗಿಸಬೇಡಿ. ಇಂಗ್ಲಿಷ್ ಅಚ್ಚು ಕಳಚಿದರೆ ಬೇರೆ ಯಂತ್ರದಿಂದ ತರಬಹುದು. ಕನ್ನಡದ ಅಚ್ಚು ಬೇಕಾದರೆ ಇನ್ನೊಂದು ಕನ್ನಡ ಯಂತ್ರವೇ ಬೇಕು. ಆದ್ದರಿಂದ ಮುರಿದದ್ದನ್ನೂ ಎಸೆಯುವಂತಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೋ, ಮುಚ್ಚಿದ ಟೈಪಿಂಗ್ ಕ್ಲಾಸಿನಲ್ಲೋ, ಹಳೆಯ ಸೊಸೈಟಿಯ ಗೋದಾಮಿನಲ್ಲೋ ಇಂಥದ್ದೊಂದು ಇದ್ದರೆ ಗುಜರಿಯವರನ್ನು ಕರೆಯುವ ಮುಂಚೆ ಕೀಲಿಮಣೆಯ ಧೂಳು ಒರೆಸಿ ನೋಡಿ. ಕನ್ನಡ ಅಕ್ಷರ ಕಂಡರೆ ದಯವಿಟ್ಟು ಕೊಡಬೇಡಿ. ನಿಮಗೆ ಬೇಡವಾದರೆ ಹತ್ತಿರದ ಶಾಲೆಗೆ ಕೊಡಿ, ಬಿಚ್ಚಿ ಜೋಡಿಸಲು ಅಲ್ಲಿ ಮಕ್ಕಳಿದ್ದಾರೆ.